ಅರವತ್ತೆರಡನೆಯ ಮೆಟ್ಟಿಲು

ಬೇಗ ಬಂದಿರಿ, ಅಂದ ನರ್ಸ್ ನಹುಯೆಲ್,
ತಣ್ಣಗಾದ ನನ್ನ ಬೆರಳಿನ ತುದಿಗೆ
ಕೆಂಪು ದೀಪದ ಚಿಮಟವೊಂದನ್ನು ಸಿಕ್ಕಿಸುತ್ತ.
ಜೂನ್ ತಿಂಗಳ ಚಳಿ. ಜ್ವರಕ್ಕೆ ಮೂರನೆಯ ದಿನ.
ಹೆಗಲಿನ ಚೀಲವನ್ನು ನಾನಿನ್ನೂ ಇಳಿಸಿರಲಿಲ್ಲ:
ಎಂಟು ಕಾಗದ, ಒಂದು ನೀರಿನ ಬಿಲ್ಲು
ಹಂಚದೆ ಉಳಿದಿದ್ದವು.

ಬೇಗ ಬರುವುದು ನನ್ನ ಕಸುಬು.
ವಾಲ್‌ಪರೈಸೊದ ಈ ಗುಡ್ಡ ಹತ್ತಿ ಹದಿನೆಂಟು ವರ್ಷ.
ಯಾವ ತಗಡಿನ ಮನೆಯ ಯಾವ ನಾಯಿ
ಬೊಗಳುವ ಮೊದಲು ಎಷ್ಟು ಹೊತ್ತು ಯೋಚಿಸುತ್ತದೆ
ಅದೂ ನನಗೆ ಗೊತ್ತು.

ಆರು ದಿನ ಮೂಗಿಗೆ ಕೊಳವೆ.
ಬೋರಲು ಮಲಗಿ ಅಂದರು, ಮಲಗಿದೆ.
ತೋಳಿಗೆ ಔಷಧಿ, ಹೊಟ್ಟೆಗೆ ಸೂಜಿ,
ತಲೆಯ ಹತ್ತಿರ ಗೋಡೆಯ ಬುರುಡೆಯಲ್ಲಿ ನೀರು
ಗುಳುಗುಳು, ರಾತ್ರಿಯೆಲ್ಲ,
ಯಾರೋ ಎಸರಿಟ್ಟು ಮರೆತು ಹೋದಂತೆ.

ಎದುರು ಮಂಚದ ದೋನ್ ಎವಾರಿಸ್ತೊ ತಡವಾಗಿ ಬಂದಿದ್ದ.
ನೀಲಗಿರಿ ಎಲೆಯ ಹಬೆ, ನಿಂಬೆ, ಹಟ,
ಹನ್ನೊಂದು ದಿನ ಮನೆಯಲ್ಲೇ.
ಒಂದು ಬೆಳಗ್ಗೆ ನೋಡಿದರೆ ಅವನ ಹಾಸಿಗೆ
ಅಲ್ಲಿ ಯಾರೂ ಯಾವತ್ತೂ ಮಲಗಿರಲಿಲ್ಲವೆಂಬಷ್ಟು
ಬಿಗಿಯಾಗಿ ಹಾಸಿತ್ತು.
ಅವನ ಮನೆ ನನ್ನ ದಾರಿಯಲ್ಲೇ. ತೊಂಬತ್ತನೆಯ ಮೆಟ್ಟಿಲು, ನೀಲಿ ಬಾಗಿಲು.

ಹಾಗಾಗಿ ದೂರಲು ನನಗೆ ಬಾಯಿಲ್ಲ.
ಬಿಡುಗಡೆಯ ಚೀಟಿಯಲ್ಲಿ ದುಂಡಗೆ ಬರೆದಿದ್ದಾರೆ:
ವೈರಸ್ ಇಲ್ಲ. ಗುಣವಾಗಿದೆ.
ಸಹಿ ಇದೆ, ಮೊಹರು ಇದೆ.
ಮೊಹರು ನಂಬಿಯೇ ಅನ್ನ ತಿಂದವಳು ನಾನು.

ಆದರೆ ಈ ನವೆಂಬರಿನಲ್ಲಿ, ಬಿಸಿಲು ಬಂದ ಮೇಲೂ,
ಅರವತ್ತೊಂದರವರೆಗೆ ನಾನು ನಾನೇ.
ಅರವತ್ತೆರಡಕ್ಕೆ ಕಾಲಿಟ್ಟರೆ
ಎದೆಯೊಳಗೆ ಯಾರೋ ಒದ್ದೆ ಕಂಬಳಿ ಹಿಂಡುತ್ತಾರೆ.
ಕಿವಿಯಲ್ಲಿ ಹಡಗು ಕೂಗುತ್ತದೆ,
ಬಂದರಿನಲ್ಲಿ ಹಡಗೇ ಇಲ್ಲದಾಗಲೂ.

ಸೀಮೆಎಣ್ಣೆಯ ಒಲೆ ಸೋರಿದ್ದು
ಮಗಳು ಓಡಿಬಂದು ಕಿಟಕಿ ತೆರೆದಾಗ ತಿಳಿಯಿತು.
ಬ್ರೆಡ್ಡು ಬೆಚ್ಚಗಿದೆ, ಅಷ್ಟೇ. ಕಾಫಿ ಕಪ್ಪಗಿದೆ, ಅಷ್ಟೇ.
ವಿಳಾಸ ಓದುತ್ತೇನೆ, ಎರಡು ಹೆಜ್ಜೆಗೆ ಮರೆಯುತ್ತೇನೆ.
ಬಾಚಣಿಗೆಯಲ್ಲಿ ದಿನಕ್ಕೊಂದು ಹಕ್ಕಿಗೂಡು.
ಯಾರಿಗಾದರೂ ಉಸುರೋಣವೆಂದರೆ
ಅದಕ್ಕೂ ಉಸಿರೇ ಬೇಕಲ್ಲ.

ದಣಿವು, ಅಂದೆ ಮೇಲಧಿಕಾರಿಗೆ.
ದಣಿವು ಯಾರಿಗಿಲ್ಲ ಎದೆಲ್ಮಿರಾ, ಅಂದ. ಕೆಟ್ಟವನಲ್ಲ,
ಕೂರಲು ಕುರ್ಚಿ ಎಳೆದುಕೊಟ್ಟ.
ಎಕ್ಸ್‌ರೇ ಚೆನ್ನಾಗಿದೆ. ರಕ್ತ ಚೆನ್ನಾಗಿದೆ.
ಕಾಗದದ ಮೇಲೆ ನಾನು ಎಷ್ಟು ಚೆನ್ನಾಗಿದ್ದೇನೆಂದರೆ
ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ಮೇಲಿನ ಮನೆಗಳು ಈಗ ಹೊಸ ಹುಡುಗನ ಪಾಲು.
ಎವಾರಿಸ್ತೊನ ಹೆಸರಿಗೆ ಬಂದವನ್ನು ಮಾತ್ರ
ಅವನಿಗೆ ಕೊಡಲಿಲ್ಲ.
ಚೀಲದ ಒಳಜೇಬಿನಲ್ಲಿ ಏಳು ಸೇರಿದವು:
ಬ್ಯಾಂಕು, ಪಿಂಚಣಿ ಕಚೇರಿ, ಕನ್ನಡಕದ ಅಂಗಡಿ.

ನಿನ್ನೆ ಅವನ ಹೆಂಡತಿ ಒರ್ಫೆಲಿನಾ
ಮನೆಯ ಚಪ್ಪಲಿಯಲ್ಲೇ ಇಳಿದು ಬಂದಳು.
ಏನೂ ಕೇಳದೆ ಪಕ್ಕದಲ್ಲಿ ಕುಳಿತಳು.
ಏಳನ್ನೂ ಕೊಟ್ಟೆ. ತೆರೆಯಲಿಲ್ಲ,
ಮಡಿಲಲ್ಲಿಟ್ಟು ಅಂಚು ಸರಿಮಾಡಿದಳು.

ನಿನ್ನ ಹೆಸರು ಹೇಳಿಯೇ ಬೈದಿದ್ದೆ ಅವನಿಗೆ, ಅಂದಳು.
ನೋಡು, ಅಂಚೆಯವಳು ಆಗಲೇ ಹೋದಳು ಆಸ್ಪತ್ರೆಗೆ, ಅಂತ.

ಏನೋ ಹೇಳಬೇಕಿತ್ತು. ಕೆಮ್ಮು ಬಂತು.
ಅವಳು ನನ್ನ ಬೆನ್ನ ಮೇಲೆ ಕೈಯಿಟ್ಟಳು,
ತಟ್ಟಲಿಲ್ಲ, ಸುಮ್ಮನೆ ಇಟ್ಟಳು,
ಒಳಗೆ ಯಾರಾದರೂ ಇದ್ದಾರೆಯೇ ಎಂದು
ಬಾಗಿಲ ಮೇಲೆ ಇಡುವಂತೆ.

ಆಮೇಲೆ ಎದ್ದು ಹೋದಳು.
ನಾನು ಅಲ್ಲೇ ಕೂತು ಅವಳ ಹೆಜ್ಜೆ ಎಣಿಸಿದೆ.
ಇಪ್ಪತ್ತೆಂಟು.
ಬಾಗಿಲು ಹಾಕಿಕೊಂಡ ಸದ್ದು.