ಸಪ್ಪೆ

ಝೈಡರ್‌ಝೇ ಕಡಲಿನ ಕೊನೆಯ ಕಿಂಡಿ ಮುಚ್ಚಿದ ದಿನ
ಹಡಗುಗಳೆಲ್ಲ ಶಿಳ್ಳೆ ಊದಿದವು.
ಕ್ರೇನಿನ ಮೇಲಿಂದ ನಾನೂ ಟೋಪಿ ಹಾರಿಸಿದೆ.
ಆಚೆ ದೋಣಿಯಲ್ಲಿ ಅಪ್ಪ ಲುಬ್ಬರ್ಟ್
ಬಲೆಗೆ ಗಂಟು ಹಾಕುತ್ತಿದ್ದ,
ತಲೆ ಎತ್ತಲಿಲ್ಲ.

ಮೂವತ್ತೆರಡು ಕಿಲೋಮೀಟರು
ಜೇಡಿ, ಕಲ್ಲು, ವಿಲೋ ಬರಲಿನ ಚಾಪೆ.
ವಾರದ ಕೂಲಿ ಅಮ್ಮನ ಕೈಗಿಟ್ಟರೆ
ಅಪ್ಪ ಅದರ ಬ್ರೆಡ್ಡು ತಿನ್ನುತ್ತಿದ್ದ,
ಮಾತಾಡುತ್ತಿರಲಿಲ್ಲ.

ಆಮೇಲೆ ದಿನವೂ ನಸುಕಿಗೆ ಧಕ್ಕೆಗಿಳಿದು
ನೀರಿಗೆ ಬೆರಳದ್ದಿ ನೆಕ್ಕುವನು,
ತಾಯಿ ಮಗುವಿನ ಜ್ವರ ನೋಡುವ ಹಾಗೆ.
ಇನ್ನೂ ಇದೆ, ಅನ್ನುವನು ತನ್ನಷ್ಟಕ್ಕೆ. ಇನ್ನೂ ಸ್ವಲ್ಪ.
ಹೆರಿಂಗ್ ಮೀನು ಬಂದು
ಒಡ್ಡಿಗೆ ಮೂಗು ತಾಗಿಸಿ ಹಿಂದೆ ಹೋದವು.

ಒಂದು ಬೆಳಗ್ಗೆ ಬೊಗಸೆ ತುಂಬ ಕುಡಿದ, ಗಟಗಟ.
ಗಡ್ಡ ಒರೆಸಿ ನನ್ನತ್ತ ತಿರುಗಿದ:
"ಉಪ್ಪು ತಿಂದವ ನೀರು ಕುಡಿಯಲೇಬೇಕು."
ಏಳು ವರ್ಷಕ್ಕೆ ಅದೊಂದೇ ಮಾತು.
ತಿಂದವರು ಯಾರು, ಹೇಳಲಿಲ್ಲ.

ಈಗ ಸಮುದ್ರದ ತಳದಲ್ಲಿ ನನ್ನದೇ ಹೊಲ, ಆಲೂಗಡ್ಡೆ.
ನಿನ್ನೆ ನೇಗಿಲಿಗೆ ಲಂಗರೊಂದು ಸಿಕ್ಕಿ
ಟ್ರ್ಯಾಕ್ಟರು ಗಕ್ಕನೆ ನಿಂತಿತು.
ಇಳಿದೆ. ತುಕ್ಕು ಕೆರೆದು
ನಾಲಗೆಗಿಟ್ಟುಕೊಂಡೆ,
ಮಗಳು ಹಿಲ್ಟ್ಯೆ ನೋಡುತ್ತಿದ್ದಾಳೆಂಬುದನ್ನು ಮರೆತು.