ಮತ್ತೆ ಶ್ರಮಿಸಿ

ಬಂದ್ಯೋಡಿನ ಬೀಡಿ ಬ್ರಾಂಚಿಗೆ
ಸೋಮವಾರ ಟ್ಯಾಬ್ಲೆಟ್ ಬಂತು.
"ಊಟಕ್ಕೆ ಮೊದಲೋ, ಆಮೇಲೋ?" ದೇಯಕ್ಕ ಕೇಳಿದಳು.
ಬೀಪಾತುಮ್ಮ ಅದನ್ನು ಮಲಯಾಳಕ್ಕೆ ದಾಟಿಸಿದರೂ
ತಂದ ಹುಡುಗ ಜಿತಿನ್ ನಗಲಿಲ್ಲ.
ಸಂಜೆಯೊಳಗೆ ಅವನಿಗೆ ಇನ್ನೂ ಮೂರು ಬ್ರಾಂಚು.

ಕಪ್ಪು ಗಾಜು, ಎರಡು ಅಂಗೈ ಅಗಲ.
ಹೆದ್ದಾರಿ ಅಗಲಿಸುವ ಧೂಳು ಕೂತಿತು ಮೊದಲು,
ಅದರ ಮೇಲೆ ಹೊಗೆಸೊಪ್ಪಿನ ಹುಡಿ.
ತೋಳಿನಿಂದ ಒರಸಿದೆ.
ಇನ್ನು ಪುಸ್ತಕ ಬೇಡ ಚೆಕ್ಕರರೇ, ಎಂದ.
ಎಲೆಯ ತೂಕ, ಹುಡಿಯ ತೂಕ,
ಒಪ್ಪಿದ ಬೀಡಿ, ತಳ್ಳಿದ ಬೀಡಿ, ಎಲ್ಲ ಇದರೊಳಗೆ.
ತಕ್ಕಡಿ ಕೂಡ ಇನ್ನು ಇದರ ಹತ್ತಿರವೇ ಮಾತಾಡುವುದು,
ನಿಮ್ಮ ಹತ್ತಿರ ಅಲ್ಲ.

ಬೆರಳಚ್ಚು ಶುರುವಾಯಿತು.
ಸುಗಂಧಿಯದ್ದು ಹಿಡಿಯಿತು. ಅವಳ ಸೊಸೆಯದ್ದೂ.
ದೇಯಕ್ಕ ಹೆಬ್ಬೆರಳು ಒತ್ತಿದಾಗ
ಕೆಂಪು ದೀಪ, ಒಳಗಿಂದ ಹೆಣ್ಣು ದನಿ:
ವೀಂಡುಂ ಶ್ರಮಿಕ್ಕುಕ.
ಇನ್ನೊಮ್ಮೆ ಪ್ರಯತ್ನಿಸಿ, ಅಷ್ಟೇ ಅರ್ಥ, ಎಂದಳು ಬೀಪಾತುಮ್ಮ.
ಕನ್ನಡ ಶಾಲೆಯ ಮೂರನೇ ಕ್ಲಾಸು ದೇಯಕ್ಕನ ಕಿವಿಗೆ
ಬಿದ್ದದ್ದು ಬೇರೆ:
ಮತ್ತೆ ಶ್ರಮಿಸಿ.
"ನಲವತ್ತೊಂದು ವರ್ಷ ಶ್ರಮಿಸಿಯೇ ಇದು ಹೀಗಾದ್ದು,
ಹೇಳು ಮಾರಾಯ ಅದಕ್ಕೆ!"

ಆ ಬೆರಳನ್ನು ನಾನು ನೋಡಿದ್ದು ಆವಾಗಲೇ.
ದಿನಕ್ಕೆ ಸಾವಿರ ಸಲ ಎಲೆಯ ಬಾಯಿ ಮಡಚಿ ಮಡಚಿ
ಗೆರೆಯೊಂದೂ ಇಲ್ಲ.
ಬರೆದದ್ದನ್ನೆಲ್ಲ ಉಜ್ಜಿ ತೊಳೆದ ಸ್ಲೇಟು.

ರಾತ್ರಿ ಹಳೆಯ ಪುಸ್ತಕ ಇಳಿಸಿಕೊಂಡು ಕೂತೆ.
ಬಲತುದಿಯ ಕಾಲಮ್ಮು, ಶರಾ.
ಅದರಲ್ಲಿ ನನ್ನ ಕೈಬರಹ:
"ಎಲೆ ಒದ್ದೆ. ಅವಳ ತಪ್ಪಲ್ಲ."
"ಮಗಳ ಬಾಣಂತನ. ನೂರು ಕಮ್ಮಿ. ನಾಳೆ."
ಕೆಳಗೆ, ನಾಳೆ. ಅದರ ಕೆಳಗೆ, ನಾಳೆ.
ಒಂಬತ್ತು ನಾಳೆಗಳು, ಒಂದೇ ಶಾಯಿಯಲ್ಲಿ.
ಗಾಜಿನಲ್ಲಿ ಶರಾ ಇಲ್ಲ.
ಫೋನು ಮಾಡಿ ಕೇಳಿದರೆ ಜಿತಿನ್,
ಮುಂದಿನ ವರ್ಷನ್ನಿನಲ್ಲಿ ಬರಬಹುದು, ಎಂದ.

ಇಲ್ಲಿಗೆ ನಿಲ್ಲಿಸಿದರೆ
ನಾನು ಒಳ್ಳೆಯ ಮನುಷ್ಯ.

ಆದರೆ ಅದೇ ಪುಸ್ತಕದಲ್ಲಿ ಬರೆಯದೇ ಇದ್ದದ್ದೂ ಉಂಟು.
ಕಟ್ಟು ಬಿಚ್ಚಿ, ಬೆಳಕಿಗೆ ಹಿಡಿದು,
ಬಾಯಿ ಸರಿ ಇಲ್ಲ ಎಂದು ಬದಿಗೆ ದೂಡಿದ ಬೀಡಿ,
ಸಾವಿರಕ್ಕೆ ಮೂವತ್ತು, ಧಣಿ ಬಂದ ದಿನ ಐವತ್ತು,
ಸಂಜೆ ಒಳ್ಳೆಯದರ ಜೊತೆಗೇ ಲಾರಿ ಹತ್ತುತ್ತಿತ್ತು.
ಹುಡಿ ತೂಗಿ ಕೊಡುವಾಗ
ತಟ್ಟೆಯ ಅಂಚಿನಲ್ಲಿ ನನ್ನ ಹೆಬ್ಬೆರಳು.
ಎಷ್ಟು ಗ್ರಾಂ ಅಂತ ನನಗೂ ಗೊತ್ತಿಲ್ಲ;
ಆ ಬೆರಳಿನ ತೂಕವನ್ನು ಯಾರೂ ಬೇರೆ ತೂಗಿರಲಿಲ್ಲ.

ನನ್ನ ಗೆರೆಗಳು ಎಲ್ಲ ಸರಿಯಾಗಿಯೇ ಉಂಟು.
ಗಾಜು ನನ್ನನ್ನು
ಮೊದಲ ಒತ್ತಿಗೇ ಗುರುತಿಸಿತು.

ಮಂಗಳವಾರ ದೇಯಕ್ಕ ಒಂದೊಂದೇ ಬೆರಳು ಇಟ್ಟು ನೋಡಿದಳು.
ತೋರುಬೆರಳು, ಶ್ರಮಿಕ್ಕುಕ.
ನಡುಬೆರಳು, ಶ್ರಮಿಕ್ಕುಕ.
ಕಡೆಗೆ ಎಡಗೈಯ ಕಿರುಬೆರಳು ಹಿಡಿಯಿತು,
ಅದೊಂದೇ ಬೀಡಿ ಕೆಲಸಕ್ಕೆ ಸೇರದೆ ಉಳಿದದ್ದು.
ಹಸಿರು ದೀಪದ ಕೆಳಗೆ ಹೆಸರು: ದೇವಿ.
ತಿದ್ದಲಿಕ್ಕೆ ಬರುವುದಿಲ್ಲವಂತೆ.
"ಇರಲಿ ಬಿಡಿ, ಈ ಪ್ರಾಯಕ್ಕೆ ಬಡ್ತಿ," ಎಂದು
ತಡಪೆ ಚಾಚಿದಳು.

ತಕ್ಕಡಿ ತಾನೇ ಅಂಕಿ ಹೇಳಿತು.
ನನ್ನ ಕೈ ಎರಡೂ ಮೇಜಿನ ಮೇಲಿದ್ದವು, ಎಲ್ಲರಿಗೂ ಕಾಣುವ ಹಾಗೆ.
ಅವಳು ಹುಡಿಯ ಪೊಟ್ಟಣವನ್ನು ಅಂಗೈಯಲ್ಲಿ
ಒಮ್ಮೆ ಎತ್ತಿ ಇಳಿಸಿದಳು.
ಮತ್ತೊಮ್ಮೆ.
"ಇವತ್ತು ಭಾರ ಉಂಟಲ್ಲ ಚೆಕ್ಕರರೇ?"
ಕೇಳಿದ್ದು ಮೆಲ್ಲಗೆ; ನೋಡಿದ್ದು ಮಿಷನ್ನನ್ನಲ್ಲ.

ನಾನು ಗಾಜು ಒರಸುತ್ತಿದ್ದೆ.
ಒರಸಿದಲ್ಲೇ ಒರಸುತ್ತಿದ್ದೆ.