ಹಸಿರು ಹಳದಿ ತಂತಿ

ನೆರಿಸ್ ಅಜ್ಜಿ ಗೇಟಿಗೇ ಬಂದು ನಿಂತಿದ್ದಳು,
ಮಳೆಕೋಟಿನ ಜೇಬಿನಲ್ಲಿ ಚೀಟಿ:
ಒಂಬತ್ತು ದೀಪ, ಒಂಬತ್ತಕ್ಕೂ ಅರ್ಥಿಂಗ್.
ಕೊನೆಯ ಪದದ ಕೆಳಗೆ ಎರಡು ಗೆರೆ.

ವೇಲ್ಸಿನ ಸ್ಲೇಟುಗುಡ್ಡದ ಬೆನ್ನಿಗೆ ಅವಳ ಮನೆ.
ಇದ್ವಾಲ್ ವ್ಯಾನಿನಿಂದ ಇಳಿಸಿದ್ದು
ಒಂದು ಪೌಂಡು ಬ್ರೆಡ್ಡಿನಷ್ಟು ಟ್ರಾನ್ಸ್‌ಫಾರ್ಮರ್,
ನೂರು ಅಡಿ ಕಪ್ಪು ಕೇಬಲ್,
ಮತ್ತೆ ನನ್ನನ್ನು. ಕೆಲಸ ಕಲಿಯುತ್ತ ಮೂರನೇ ತಿಂಗಳು.

ಮೊದಲು ಗೇಟಿನ ಕಬ್ಬಿಣದ ಕಂಬ.
ಹಳೆಯದು, ಮನೆಯ ಇನ್ನೂರಮೂವತ್ತೇ ಅದರ ಹೊಟ್ಟೆಯಲ್ಲೂ.
ತುಕ್ಕು ಉಜ್ಜಿ, ತಂತಿ ಬಿಗಿದು, ಮೀಟರು ಹಿಡಿದು
"ಇದಕ್ಕೆ ನೆಲ ಬೇಕು," ಎಂದ. "ಇಲ್ಲದಿದ್ದರೆ
ಕಂಬ ಮುಟ್ಟಿದವನೇ ನೆಲದ ದಾರಿ."

ಆಮೇಲೆ ಹಾದಿಯ ದೀಪಗಳು, ಅಣಬೆಯಷ್ಟು ಎತ್ತರ,
ಹನ್ನೆರಡು ವೋಲ್ಟು.
"ಇವಕ್ಕೆ ಬೇಡ."
ಬೇಡ ಅಂದರೆ, ಬಿಟ್ಟರೂ ನಡೆದೀತು ಎಂದಲ್ಲ,
ಕೊಡಲೇಕೂಡದು.

"ತೆಕ್ವಿನ್‌ಗೂ ಯಾರೋ ಹೀಗೇ ಬೇಡ ಅಂದಿದ್ದರು,"
ಅಜ್ಜಿ ಬಾಗಿಲ ಬಳಿಯಿಂದ.
ಹಾಲು ಕರೆಯುವ ಕೊಟ್ಟಿಗೆ, ಒದ್ದೆ ಸಿಮೆಂಟು,
ಯಂತ್ರದ ತಗಡಿಗೆ ಇಳಿದಿದ್ದ ಕರೆಂಟು;
ಅಣ್ಣನಿಗೆ ಹದಿನೇಳು, ಇವಳಿಗೆ ಹನ್ನೊಂದು.
ಬಕೆಟ್ಟು ಉರುಳಲಿಲ್ಲವಂತೆ.
ಅದನ್ನೇ ಎರಡು ಸಲ ಹೇಳಿದಳು.

ಇದ್ವಾಲ್ ಒಡನೆ ಮಾತಾಡಲಿಲ್ಲ.
ಟ್ರಾನ್ಸ್‌ಫಾರ್ಮರಿನ ಬೆನ್ನು ತಿರುಗಿಸಿ ತೋರಿಸಿದ:
ಚೌಕದೊಳಗೊಂದು ಚೌಕ.
"ಮನೆಯ ಕರೆಂಟು ಈ ಕಡೆ, ದೀಪದ್ದು ಆ ಕಡೆ,
ನಡುವೆ ಎರಡು ಗೋಡೆ. ಇದರ ಸುದ್ದಿ ಅದಕ್ಕಿಲ್ಲ.
ಹಸಿರು ತಂತಿ ಎಳೆದೆವು ಅನ್ನಿ,
ಒಳಗೆ ಎಂದಾದರೂ ಏನಾದರೂ ಕೆಟ್ಟರೆ
ಆ ಕೇಡು ಅದೇ ತಂತಿ ಹಿಡಿದು
ನಿಮ್ಮ ಗುಲಾಬಿ ಪಾತಿಗೆ ಬರುತ್ತದೆ.
ಕಾಯುವವನಿಗೆಂದು ತೆರೆದ ಬಾಗಿಲಲ್ಲಿ
ಅವನೊಬ್ಬನೇ ಬರುವುದಿಲ್ಲ."

ಬೆರಳು ನಾಲಿಗೆಗೆ ಒತ್ತಿ ಒದ್ದೆ ಮಾಡಿ
ಉರಿಯುವ ದೀಪದ ಎರಡು ತಿರುಪಿನ ಮೇಲೂ ಇಟ್ಟ.
ನಾನು ಉಸಿರು ಹಿಡಿದೆ. ಅವಳೂ.
ಜೇಡವೊಂದು ಅವನ ತೋಳೇರಿ ಇಳಿದು ಹೋಯಿತು, ಅಷ್ಟೆ.
"ಸರಿ," ಎಂದಳು, ಸರಿಯಲ್ಲದ ದನಿಯಲ್ಲಿ.

ಅರ್ಥ್ ಅಂದರೇನೆಂದು ಪುಸ್ತಕದಲ್ಲಿ ಓದಿದ್ದೆ.
ಅರ್ಥವಾದದ್ದು ಅಂದು, ಅದೂ ಅರ್ಧ.

ಹೊರಡುವಾಗ ತಂತಿಯ ಉಳಿಕೆ ತುಂಡುಗಳನ್ನು ಕೇಳಿ ಪಡೆದಳು,
ಬಟಾಣಿ ಬಳ್ಳಿ ಕಟ್ಟಲು ಎಂದು.

ಅಕ್ಟೋಬರಿನಲ್ಲಿ ಗೇಟಿನ ಬಲ್ಬು ಬದಲಿಸಲು ಹೋದೆವು.
ಹಾದಿಯುದ್ದಕ್ಕೂ ಒಂಬತ್ತು ದೀಪ,
ಒಂಬತ್ತರ ಕೊರಳಿಗೂ ಹಸಿರು ಹಳದಿ ತುಂಡು,
ಒಂದು ತುದಿ ಗಂಟು, ಇನ್ನೊಂದು ಮಣ್ಣೊಳಗೆ,
ಮೇಲೆ ಹೆಬ್ಬೆರಳ ಗುರುತು. ಅದು ಹಳೆಯದಲ್ಲ.

ನಾನು ಬಗ್ಗಿ ಕೀಳಹೊರಟೆ.
ಇದ್ವಾಲ್ ತಡೆದು, ತಾನೇ ಒಂದನ್ನು ಎಳೆದು ನೋಡಿದ.
ತುದಿ ಸುಲಿದಿರಲಿಲ್ಲ. ಪ್ಲಾಸ್ಟಿಕ್ಕು ಹಾಗೇ ಇತ್ತು.
ಅದೇ ತೂತಿಗೆ ಮತ್ತೆ ಇಳಿಸಿ
ಮಣ್ಣು ಒತ್ತಿ,
"ಇರಲಿ ಬಿಡು," ಎಂದ. "ಏಣಿ ತಾ."